ಟಗರು ಮರಿ ಎಷ್ಟು ತೂಕಕ್ಕೆ ಬಂದಾಗ ಕೊಡಬೇಕು?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ 30 ಟಗರು ಮರಿಗಳಿವೆ. ಅರ್ಧ ಬನ್ನೂರು ತಳಿ, ಅರ್ಧ ಸಂತೆಯಿಂದ ತಂದ ಕೆಂಗುರಿ ತಳಿ. ಮಾಂಸದಂಗಡಿಯವರು "20 ಕೆ.ಜಿ. ಮರಿಯಲ್ಲಿ ಏನು ಬಾಡು ಬೀಳುತ್ತೆ, 35 ಮಾಡಿ ತನ್ನಿ" ಅನ್ನುತ್ತಾರೆ. ನಮ್ಮಲ್ಲೇ ಕಡಿಸಿ ಹಂಚಿಕೊಳ್ಳುವ ಗಿರಾಕಿಗಳು ದೊಡ್ಡ ಟಗರು ಕಡಿದಾಗ "ವಾಸನೆ, ಬರೀ ನೆಣ, ಬೇಯಲೇ ಇಲ್ಲ" ಅನ್ನುತ್ತಾರೆ. ಚಿಕ್ಕದು ಕಡಿದಾಗಲೂ ಒಮ್ಮೊಮ್ಮೆ "ರಬ್ಬರಿನಂತಿತ್ತು" ಎಂಬ ದೂರು ಬರುತ್ತದೆ. ಯಾವ ತೂಕ ಸರಿ? — ಮಳವಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಅಂಗಡಿಯವರೂ ಸರಿ, ಗಿರಾಕಿಗಳೂ ಸರಿ. ಇಬ್ಬರ ಅಳತೆಗೋಲು ಬೇರೆ, ಅಷ್ಟೇ. ಮೊದಲು ಚುಟುಕು ಉತ್ತರ ಕೊಟ್ಟುಬಿಡುತ್ತೇವೆ: ಮಾಂಸಕ್ಕಾಗಿಯೇ ಮಾರುವುದಾದರೆ ಬನ್ನೂರು ಮರಿಯನ್ನು 20ರಿಂದ 24 ಕೆ.ಜಿ.ಯಲ್ಲಿ, ಕೆಂಗುರಿಯನ್ನು 26ರಿಂದ 30 ಕೆ.ಜಿ.ಯಲ್ಲಿ, ಎರಡನ್ನೂ 9 ತಿಂಗಳು ತುಂಬುವುದರೊಳಗೆ ಕೊಟ್ಟುಬಿಡಿ. ಒಂದೇ ಕೊಟ್ಟಿಗೆಯ ಮರಿಗಳಿಗೆ ಎರಡು ತೂಕ ಏಕೆ ಎಂಬುದು ತಿಳಿದರೆ ಉಳಿದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಮರಿಯ ದೇಹ ಎಲ್ಲ ಕಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ತಲೆ, ಕಾಲು, ಮೂಳೆ ಮೊದಲು ಬಲಿಯುತ್ತವೆ. ಆಮೇಲೆ ಮಾಂಸ ತುಂಬುತ್ತದೆ. ನೆಣ ಕಟ್ಟಿಕೊಳ್ಳುವುದು ಕಡೆಗೆ. ನೆಣಕ್ಕೂ ಒಂದು ಸರದಿ ಉಂಟು: ಮೊದಲು ಕಿಡ್ನಿಯ ಸುತ್ತ ಮತ್ತು ಹೊಟ್ಟೆಯ ಪರದೆಯಲ್ಲಿ, ನಂತರ ಮಾಂಸಖಂಡಗಳ ನಡುವೆ, ಆಮೇಲೆ ಚರ್ಮದಡಿ, ಎಲ್ಲಕ್ಕಿಂತ ಕೊನೆಗೆ ಮಾಂಸದ ಎಳೆಗಳ ಒಳಗೆ. ನಾಲಿಗೆಗೆ ರಸ, ರುಚಿ ಕೊಡುವುದು ಈ ಕೊನೆಯದು. ಕತ್ತರಿಸಿ ಎಸೆಯುವುದು ಮೊದಲ ಮೂರನ್ನು. ಹಾಗಾಗಿ ತೀರಾ ಎಳೆಯ ಮರಿಯ ಮಾಂಸ ಮೆತ್ತಗಿದ್ದರೂ ಸಪ್ಪೆ, ಅತಿಯಾಗಿ ಕೊಬ್ಬಿದ್ದು ರುಚಿಯಾದರೂ ದಂಡ ಹೆಚ್ಚು. ಈ ಎರಡರ ನಡುವಿನ ಹದ ಸಾಮಾನ್ಯವಾಗಿ ಆ ತಳಿಯ ಬೆಳೆದ ಟಗರಿನ ತೂಕದ ಶೇ. 60–65ರ ಸುಮಾರಿಗೆ ಸಿಗುತ್ತದೆ. ಬನ್ನೂರು ಟಗರು ಗಿಡ್ಡ ಕಾಲಿನ, ಗಟ್ಟಿ ಮೈಯ ಪ್ರಾಣಿ. ಪೂರ್ತಿ ಬೆಳೆದಾಗ 35 ಕೆ.ಜಿ. ಆಸುಪಾಸು. ಕೊಪ್ಪಳ, ರಾಯಚೂರು ಕಡೆಯ ಕೆಂಗುರಿ ಎತ್ತರದ ತಳಿ, ಚೆನ್ನಾಗಿ ಮೇಯ್ದರೆ 45 ಕೆ.ಜಿ. ಮುಟ್ಟುತ್ತದೆ. 24 ಕೆ.ಜಿ.ಯ ಬನ್ನೂರು ಮರಿಯಲ್ಲಿ ನೆಣ ಆಗಲೇ ಶುರುವಾಗಿರುತ್ತದೆ, ಅದೇ ತೂಕದ ಕೆಂಗುರಿ ಇನ್ನೂ ಮೂಳೆ-ಮಾಂಸದ ಹಂತದಲ್ಲೇ ಇರುತ್ತದೆ. ಎರಡನ್ನೂ 35ಕ್ಕೆ ಎಳೆದರೆ ಬನ್ನೂರಿನದು ಕೊಬ್ಬಿನ ಗುಡ್ಡೆಯಾಗುತ್ತದೆ.

ಅಂಗಡಿಯವರ ಮಾತಿಗೆ ಬರೋಣ. ಚರ್ಮ, ತಲೆ, ಕಾಲು, ಹೊಟ್ಟೆಯ ಭಾಗ ತೆಗೆದ ಮೇಲೆ ಉಳಿಯುವ ಸುಲಿದ ದೇಹದ ತೂಕವನ್ನು ಜೀವಂತ ತೂಕದಿಂದ ಭಾಗಿಸಿದರೆ ಇಳುವರಿ. ಇದು ತೂಕದೊಂದಿಗೆ ಏರುವುದು ನಿಜ. ಏಕೆಂದರೆ ಮರಿ ಬೆಳೆದಂತೆ ಹೊಟ್ಟೆ, ತಲೆ, ಕಾಲುಗಳ ಪಾಲು ಕುಗ್ಗಿ, ಮಾಂಸ ಮತ್ತು ನೆಣದ ಪಾಲು ಹಿಗ್ಗುತ್ತದೆ. 15 ಕೆ.ಜಿ. ಮರಿಯಲ್ಲಿ ಶೇ. 42–43 ಸಿಕ್ಕರೆ ಸುಮಾರು 6.4 ಕೆ.ಜಿ. 25 ಕೆ.ಜಿ.ಯದ್ದರಲ್ಲಿ ಶೇ. 46–47, ಅಂದರೆ 11.6 ಕೆ.ಜಿ. 35ರದ್ದರಲ್ಲಿ ಶೇ. 49ರ ಹತ್ತಿರ, 17 ಕೆ.ಜಿ. ಕಡಿಯುವ ಕೂಲಿ, ಅಂಗಡಿಯ ಬಾಡಿಗೆ ಮರಿಯ ಲೆಕ್ಕದಲ್ಲಿ ಬೀಳುವಾಗ ಅವರು ದೊಡ್ಡದನ್ನೇ ಕೇಳುವುದು ಸಹಜ. ಆದರೆ ಗಮನಿಸಿ, 25ರಿಂದ 35ಕ್ಕೆ ಹೋಗುವಾಗ ಏರಿದ ಆ ಎರಡು-ಮೂರು ಶೇಕಡಾದಲ್ಲಿ ಹೆಚ್ಚಿನ ಪಾಲು ನೆಣ. ನೆಣವನ್ನೂ ಮಾಂಸದ ದರಕ್ಕೇ ತೂಗಿ ಕೊಡುವ ಅಂಗಡಿಗೆ ಅದು ಲಾಭ, ಮನೆಗೆ ಒಯ್ದವರಿಗೆ ನಷ್ಟ.

ಇಳುವರಿಯ ವಿಷಯದಲ್ಲಿ ಇನ್ನೊಂದು ಮೋಸ ಉಂಟು. ಯಾರೂ ಬೇಕೆಂದು ಮಾಡುವುದಲ್ಲ, ತೂಗುವ ಹೊತ್ತು ಮಾಡುವ ಮೋಸ. ಮೇಯ್ದು ಬಂದ ಕುರಿಯ ಹೊಟ್ಟೆಯಲ್ಲಿ ಮೇವು-ನೀರೇ ಅದರ ತೂಕದ ಶೇ. 12–20ರಷ್ಟು ಇರಬಹುದು. ಸಂಜೆ 24 ಕೆ.ಜಿ. ತೂಗಿದ ಮರಿ ರಾತ್ರಿಯಿಡೀ ಬರೀ ನೀರಿನ ಮೇಲಿದ್ದರೆ ಬೆಳಿಗ್ಗೆ 22.5 ತೂಗುತ್ತದೆ. ಅದರಲ್ಲಿ 10.5 ಕೆ.ಜಿ. ಮಾಂಸ ಬಿದ್ದರೆ, ಸಂಜೆಯ ತೂಕಕ್ಕೆ ಇಳುವರಿ ಶೇ. 44, ಬೆಳಗಿನ ತೂಕಕ್ಕೆ ಶೇ. 47. ಅದೇ ಮರಿ, ಅದೇ ಮಾಂಸ. "ಅವರ ಕುರಿಯಲ್ಲಿ 50 ಬೀಳುತ್ತಂತೆ" ಎಂಬ ಮಾತು ಕೇಳಿದಾಗ ಯಾವ ಹೊತ್ತಿನ ತೂಕ ಎಂದು ಮೊದಲು ಕೇಳಿ. ನಿಮ್ಮ ಲೆಕ್ಕಕ್ಕೆ ಯಾವಾಗಲೂ ಬೆಳಿಗ್ಗೆ, ಮೇವು ಹಾಕುವ ಮುಂಚೆಯೇ ತೂಗಿ.

ಮೂಳೆಯ ಪಾಲನ್ನೂ ನೋಡಬೇಕು. 6–7 ಕೆ.ಜಿ.ಯ ಸುಲಿದ ದೇಹದಲ್ಲಿ ಮೂಳೆಯೇ ಕಾಲು ಭಾಗ ಅಥವಾ ಇನ್ನೂ ಹೆಚ್ಚು. 12 ಕೆ.ಜಿ. ದಾಟಿದ್ದರಲ್ಲಿ ಐದರಲ್ಲೊಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಇದು ದೋಷವೋ ಗುಣವೋ ಅಡುಗೆಯ ಮೇಲೆ ನಿಂತಿದೆ. ಬೋಟಿ, ತಲೆಮಾಂಸ, ಕಾಲುಸೂಪು ಬೇರೆ ಮಾತು. ಮುದ್ದೆಗೆ ಸಾರು ಮಾಡುವ ಮನೆಯಲ್ಲಿ ಎಲ್ಲ ಭಾಗವೂ ಬೆರೆತ, ಮೂಳೆಯಿದ್ದ ಬಾಡೇ ಬೇಕು, ಎಳೆಯ ಮೂಳೆಯ ರಸ ಸಾರಿಗಿಳಿಯುತ್ತದೆ. ಖೀಮಾ, ಮೂಳೆಯಿಲ್ಲದ ತುಂಡು ಕೇಳುವ ಹೋಟೆಲಿಗೆ 15 ಕೆ.ಜಿ. ಮರಿ ಕಡಿದು ಕೊಟ್ಟರೆ ಇಬ್ಬರಿಗೂ ನಷ್ಟ. ತೂಕ ಹೆಚ್ಚಿದಂತೆ ತೊಡೆಯ ಪಾಲು ಸ್ವಲ್ಪ ಕಡಿಮೆಯಾಗಿ ಎದೆ, ಪಕ್ಕೆ, ಹೊಟ್ಟೆಯಂಚಿನ ಪಾಲು ಏರುತ್ತದೆ, ನೆಣ ಕೂರುವುದೂ ಅಲ್ಲೇ. ಬನ್ನೂರು ಕುರಿಯನ್ನು ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವೆ ತಲೆಕೆಳಗಾದ 'ಯು' ಆಕಾರ ಕಾಣುತ್ತದಲ್ಲ, ತೊಡೆ ಕೆಳಗಿನವರೆಗೂ ತುಂಬಿರುವುದರ ಗುರುತು ಅದು. ಆ ಮೈಕಟ್ಟು 20 ಕೆ.ಜಿ.ಗೇ ಬಂದುಬಿಡುತ್ತದೆ. ಚಿಕ್ಕ ತಳಿಯನ್ನು ಚಿಕ್ಕದಿದ್ದಾಗಲೇ ಕಡಿಯಬಹುದು ಎಂಬುದಕ್ಕೆ ಇದೇ ಆಧಾರ.

ಈಗ ನಿಮ್ಮ ಗಿರಾಕಿಗಳ ದೂರು. ಇಲ್ಲಿ ಎಲ್ಲರೂ ಎಡವುವುದು ತೂಕ ಮತ್ತು ವಯಸ್ಸು ಒಂದೇ ಎಂದುಕೊಳ್ಳುವುದರಲ್ಲಿ. 7 ತಿಂಗಳಿಗೇ 25 ಕೆ.ಜಿ. ಆದ ಮರಿ ಬೇರೆ, ಬರಗಾಲದಲ್ಲಿ ಒಣಹುಲ್ಲು ತಿಂದು 15 ತಿಂಗಳಿಗೆ 25 ಕೆ.ಜಿ. ಆದ ಟಗರು ಬೇರೆ. ತಕ್ಕಡಿಗೆ ಎರಡೂ ಒಂದೇ, ಬಾಣಲೆಗೆ ಅಲ್ಲ. ಮಾಂಸದ ಎಳೆಗಳನ್ನು ಹಿಡಿದಿಡುವ ಕಾಲಜನ್ ಎಂಬ ನಾರು ವಯಸ್ಸಾದಂತೆ ತನ್ನೊಳಗೇ ಹೆಣೆದುಕೊಳ್ಳುತ್ತ ಹೋಗುತ್ತದೆ. ಎಳೆಯ ಮರಿಯಲ್ಲಿ ಅದು ಬಿಸಿಗೆ ಕರಗಿ ಸಾರಿಗೆ ಅಂಟು ಕೊಡುತ್ತದೆ, ಬಲಿತದ್ದರಲ್ಲಿ ಕರಗದೆ ಹಲ್ಲಿಗೆ ಸಿಗುತ್ತದೆ. 8 ತಿಂಗಳ ಮರಿಯ ಬಾಡು ಕುಕ್ಕರಿನಲ್ಲಿ ಮೂರು-ನಾಲ್ಕು ಕೂಗಿಗೆ ಬೆಂದರೆ, ಎರಡು ಹಲ್ಲು ಹಾಕಿದ ಟಗರಿಗೆ ಆರೇಳು ಬೇಕು. "ಬೇಯಲೇ ಇಲ್ಲ" ಎಂದವರು ಮರಿಯ ಲೆಕ್ಕದಲ್ಲಿ ಕೂಗಿಸಿ ಇಳಿಸಿರುತ್ತಾರೆ. ಸಾರಿಗಾದರೆ ಹೊತ್ತು ಹೆಚ್ಚಿಸಿ ಸರಿಮಾಡಬಹುದು. ಚಾಪ್ಸ್, ಕಬಾಬಿಗೆ ಆ ದಾರಿ ಇಲ್ಲ, ಅದಕ್ಕೆ ಎಳೆಯದೇ ಆಗಬೇಕು. ವಯಸ್ಸು ತಿಳಿಯಲು ಬಾಯಿ ತೆರೆದು ನೋಡಿ: ಹಾಲುಹಲ್ಲು ಮಾತ್ರ ಇದ್ದರೆ ಮರಿ, ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ, ಹೆಚ್ಚಾಗಿ 12ರಿಂದ 18 ತಿಂಗಳ ನಡುವೆ.

ಬಣ್ಣವೂ ವಯಸ್ಸಿನದೇ ಆಟ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಬೆಳೆದಂತೆ ಹೆಚ್ಚುತ್ತದೆ. ಹಾಲು ಕುಡಿಯುವ ಮರಿಯದ್ದು ತಿಳಿಗುಲಾಬಿ, 8 ತಿಂಗಳದ್ದು ಕೆಂಪು, ಎರಡು ವರ್ಷದ್ದು ಗಾಢ ಕೆಂಪು. ಗಾಢ ಬಣ್ಣ ನೋಡಿ "ಹಳೇ ಮಾಂಸ" ಎನ್ನುವ ಗಿರಾಕಿಗೆ ಅದು ಹಳಸಿದ್ದಲ್ಲ, ಬಲಿತದ್ದು ಎಂದು ತಿಳಿಸಿ. ಆದರೆ ಎಳೆ ಮರಿಯಲ್ಲೂ ಮಾಂಸ ಕಪ್ಪಾಗಿ, ಒಣಗಿದಂತೆ, ಕೈಗೆ ಅಂಟಂಟಾಗಿ ಕಂಡರೆ ಅದರ ಕಾರಣ ಬೇರೆ, ಮುಂದೆ ಹೇಳುತ್ತೇವೆ.

ವಾಸನೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕುರಿಯ ವಿಶಿಷ್ಟ ವಾಸನೆ ಮಾಂಸದಲ್ಲಲ್ಲ, ನೆಣದಲ್ಲಿದೆ. 4-ಮೀಥೈಲ್ ಆಕ್ಟನಾಯಿಕ್, 4-ಈಥೈಲ್ ಆಕ್ಟನಾಯಿಕ್ ಮುಂತಾದ ಕವಲೊಡೆದ ಕೊಬ್ಬಿನಾಮ್ಲಗಳು ಅದಕ್ಕೆ ಮೂಲ. ಬೀಜವಿರುವ ಟಗರು ಮರಿ ಹೆಣ್ಣು ಕುರಿಯ ಹಿಂದೆ ಬೀಳಲು ಶುರುಮಾಡುವ ಹೊತ್ತಿಗೆ ಇವು ಏರುತ್ತವೆ. ಬರೀ ಹಸಿಮೇವು ಮೇಯ್ದದ್ದರ ನೆಣದಲ್ಲಿ ಸ್ಕೆಟೋಲ್ ಎಂಬುದೂ ಸೇರಿ ಇನ್ನಷ್ಟು ಘಾಟಾಗುತ್ತದೆ. ಹಾಗೆಂದು ಮೇವು ಬಿಟ್ಟು ಜೋಳದ ನುಚ್ಚನ್ನೇ ಸುರಿದರೆ ಬಚಾವಾಗುವುದಿಲ್ಲ. ಧಾನ್ಯ ಅತಿಯಾದರೆ ಅದೇ ಕವಲೊಡೆದ ಆಮ್ಲಗಳು ಹೆಚ್ಚಿ, ಚರ್ಮದಡಿಯ ನೆಣ ಗಟ್ಟಿಯಾಗದೆ ಮೆದುವಾಗಿ, ಎಣ್ಣೆಎಣ್ಣೆಯಾಗುತ್ತದೆ. ಅಂದರೆ ತೂಕ ಏರಿದಾಗ ಮೂರೂ ಒಟ್ಟಿಗೆ ಬರುತ್ತವೆ: ನೆಣದ ಪ್ರಮಾಣ, ಅದರೊಳಗಿನ ವಾಸನೆ, ಮತ್ತು ಆರಿದ ಸಾರಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಅಂಗುಳಿಗೆ ಅಂಟುವ ಗುಣ. ಕುರಿಯ ನೆಣ ಕರಗಲು ನಮ್ಮ ಬಾಯಿಯ ಬಿಸಿ ಸಾಲದು, ಹಾಗಾಗಿ ಊಟ ಬಿಸಿಬಿಸಿ ಇದ್ದಾಗ ಬಾರದ ದೂರು ತಣ್ಣಗಾದ ಮೇಲೆ ಬರುತ್ತದೆ. ನೇರವಾಗಿ ಮಾಂಸ ಮಾರುವವರು 30 ಕೆ.ಜಿ. ದಾಟಿದ್ದನ್ನು ಕಡಿದಾಗ ಕಿಡ್ನಿ ಸುತ್ತಲಿನ ಮತ್ತು ಬೆನ್ನ ಮೇಲಿನ ಹೆಚ್ಚುವರಿ ನೆಣ ತೆಗೆದೇ ಕೊಡಬೇಕು. ದರ ಹತ್ತು ರೂಪಾಯಿ ಹೆಚ್ಚು ಹಾಕಿ, ಗಿರಾಕಿ ಬೇಸರಪಡುವುದಿಲ್ಲ.

ಬೀಜ ಒಡೆಸಿದರೆ ವಾಸನೆ ಹೋಗುವುದಿಲ್ಲವೇ ಎಂದು ಕೇಳಬಹುದು. ಕಡಿಮೆಯಾಗುತ್ತದೆ. ಆದರೆ ಒಡೆಸಿದ ಮರಿ ನಿಧಾನ ಬೆಳೆಯುತ್ತದೆ, ಬೇಗ ಕೊಬ್ಬುತ್ತದೆ. 8–9 ತಿಂಗಳೊಳಗೆ ಕೊಡುವ ಮರಿಗೆ ಅದರ ಅಗತ್ಯವೇ ಇಲ್ಲ.

ಗಿರಾಕಿಯ ನಾಲಿಗೆ ಪ್ರತಿ ಊರಿನಲ್ಲೂ ಬೇರೆ ಎಂಬುದನ್ನೂ ನೆನಪಿಡಿ. ಸ್ಪೇನಿನ ಕಾಸ್ಟೀಲ್ ಮತ್ತು ಲೆಯಾನ್ ಪ್ರಾಂತ್ಯದಲ್ಲಿ 'ಲೆಚಾಜೊ' ಎಂದು ಹಾಲು ಬಿಟ್ಟು ಬೇರೇನೂ ತಿನ್ನದ, 35 ದಿನದೊಳಗಿನ ಮರಿಯನ್ನು ಕಡಿಯುತ್ತಾರೆ, ಸುಲಿದ ಮೇಲೆ 4.5ರಿಂದ 7 ಕೆ.ಜಿ. ಅಷ್ಟೇ. ಅದೇ ದೇಶದ ಅರಗಾನಿನ 'ಟೆರ್ನಾಸ್ಕೊ' 90 ದಿನದೊಳಗಿನದು, 8ರಿಂದ 12.5 ಕೆ.ಜಿ. ಬ್ರಿಟನ್ನಿನಲ್ಲಿ 16–20 ಕೆ.ಜಿ.ಯ ಸುಲಿದ ದೇಹ ಸಾಮಾನ್ಯ. ಬ್ರಿಟಿಷ್ ಮತ್ತು ಸ್ಪ್ಯಾನಿಷ್ ರುಚಿಪರೀಕ್ಷಕರ ಮುಂದೆ ಎರಡೂ ದೇಶದ ಮಾಂಸವನ್ನಿಟ್ಟು ಮಾಡಿದ, 1998ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಯಾವುದು ಮೆತ್ತಗೆ, ಯಾವುದರ ವಾಸನೆ ಜೋರು ಎಂಬುದರಲ್ಲಿ ಎರಡೂ ತಂಡಕ್ಕೆ ಒಮ್ಮತವಿತ್ತು. ಯಾವುದು ಚೆನ್ನ ಎಂದು ಕೇಳಿದಾಗ ಮಾತ್ರ ಪ್ರತಿ ತಂಡವೂ ತನ್ನ ದೇಶದ್ದನ್ನೇ ಮೆಚ್ಚಿತು. ಹುಟ್ಟಿದೂರಿನ ಸಾರಿನ ರುಚಿಯ ಮುಂದೆ ತಜ್ಞರ ಅಂಕ ನಡೆಯುವುದಿಲ್ಲ. ಬೆಂಗಳೂರು-ಮೈಸೂರು ಕಡೆ "ಮರಿ ಮಾಂಸ" ಎಂದರೆ ಹೆಚ್ಚು ದರ ಕೊಡುವವರಿದ್ದಾರೆ, ಬಲಿತ ಟಗರಿನ ಘಾಟೇ ಬಾಡೂಟಕ್ಕೆ ಕಳೆ ಎನ್ನುವ ಊರುಗಳೂ ಇವೆ. ನಿಮ್ಮ ಗಿರಾಕಿಗಳು ಯಾವ ಗುಂಪಿನವರು ಎಂಬುದನ್ನು ಅವರ ದೂರೇ ಹೇಳಿದೆ.

ದುಡ್ಡಿನ ಲೆಕ್ಕ ಮಾಡದೆ ಯಾರೂ ಒಪ್ಪುವುದಿಲ್ಲ, ಆದ್ದರಿಂದ ಮಾಡಿಬಿಡೋಣ. ಒಂದು ಕೆ.ಜಿ. ನೆಣ ಕಟ್ಟಲು ಬೇಕಾಗುವ ಶಕ್ತಿ ಒಂದು ಕೆ.ಜಿ. ಮಾಂಸ ಬೆಳೆಸಲು ಬೇಕಾಗುವುದಕ್ಕಿಂತ ಹಲವು ಪಟ್ಟು, ಏಕೆಂದರೆ ಮಾಂಸದ ಮುಕ್ಕಾಲು ಪಾಲು ನೀರು. ನೆಣದ ಹಂತಕ್ಕೆ ಬಂದ ಟಗರಿನ ಮೇವು ದುಡ್ಡಾಗಿ ತಿರುಗುವುದು ತೀರಾ ನಿಧಾನ. ಉದಾಹರಣೆಗೆ ಕೆಂಗುರಿ ತೆಗೆದುಕೊಳ್ಳಿ. ಜೀವಂತ ತೂಕಕ್ಕೆ ಕೆ.ಜಿ.ಗೆ 400 ರೂ., ಮೇವು-ಹಿಂಡಿಯ ಒಣ ಅಂಶಕ್ಕೆ (ನೀರು ಕಳೆದು ಉಳಿಯುವ ತೂಕಕ್ಕೆ) ಸರಾಸರಿ ಕೆ.ಜಿ.ಗೆ 18 ರೂ. ಎಂದಿಟ್ಟುಕೊಂಡರೆ:

20 ಕೆ.ಜಿ.ಯ ಮರಿ ದಿನಕ್ಕೆ 800 ಗ್ರಾಂ ಒಣ ಅಂಶ ತಿಂದು 130 ಗ್ರಾಂ ಬೆಳೆದರೆ ಆದಾಯ 52 ರೂ., ಮೇವಿಗೆ 14.40, ಉಳಿಯುವುದು ದಿನಕ್ಕೆ 37 ರೂಪಾಯಿ ಚಿಲ್ಲರೆ.

28 ಕೆ.ಜಿ.ಯಲ್ಲಿ 1.1 ಕೆ.ಜಿ. ತಿಂದು 105 ಗ್ರಾಂ ಬೆಳೆದರೆ 42 ರೂ. ಬಂದು 19.80 ಹೋಗಿ, ಉಳಿಯುವುದು 22.

35 ಕೆ.ಜಿ.ಯಲ್ಲಿ 1.3 ಕೆ.ಜಿ. ತಿಂದು 65 ಗ್ರಾಂ ಬೆಳೆದರೆ 26 ರೂ. ಬಂದು 23.40 ಹೋಗುತ್ತದೆ. ಉಳಿಯುವುದು ಎರಡೂವರೆ ರೂಪಾಯಿ. ಕೂಲಿ, ಔಷಧಿ, ಸಾಯುವ ಅಪಾಯ ಇದರೊಳಗೇ ಬರಬೇಕು.

ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಾಕಿದವು. ನಿಮ್ಮ ದರ, ನಿಮ್ಮ ಮೇವು, ನಿಮ್ಮ ಮರಿಯ ಬೆಳವಣಿಗೆ ಹಾಕಿ ನೋಡಿ. 35ರಲ್ಲೂ ನಷ್ಟವಿಲ್ಲ ನಿಜ, ಆದರೆ ಆ ಟಗರು ಹಿಡಿದಿರುವ ಜಾಗದಲ್ಲಿ 15 ಕೆ.ಜಿ.ಯ ಹೊಸ ಮರಿ ಕಟ್ಟಿದರೆ ದಿನಕ್ಕೆ 35 ರೂ. ದುಡಿಯುತ್ತದೆ. ಕೊಡುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಪ್ರತಿ 15 ದಿನಕ್ಕೊಮ್ಮೆ ಅದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ಹಿಂದಿನ ಎರಡು ಸಲದ ಬೆಳವಣಿಗೆಗಿಂತ ಈ ಸಲದ್ದು ಮೂರನೇ ಒಂದು ಭಾಗದಷ್ಟು ಕುಸಿದಿದೆ, ರೋಗ-ಜಂತು ಯಾವುದೂ ಇಲ್ಲ ಎಂದಾದರೆ ಆ ಮರಿ ನೆಣಕ್ಕೆ ಬಿದ್ದಿದೆ ಎಂದೇ ಅರ್ಥ.

ತಕ್ಕಡಿಯ ಜೊತೆ ಕೈಯೂ ಬೇಕು. ಸಂತೆಯ ವ್ಯಾಪಾರಿಗಳು ಬೆನ್ನು ಹಿಡಿದು ನೋಡುತ್ತಾರಲ್ಲ, ಅದು ಬರೀ ಗತ್ತಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಡಿ. ಬೆನ್ನುಮೂಳೆಯ ಮೇಲಿನ ಮೊನೆಗಳು ಗರಗಸದಂತೆ ಚುಚ್ಚಿದರೆ, ಪಕ್ಕದ ಅಡ್ಡಮೂಳೆಗಳ ಕೆಳಗೆ ಬೆರಳು ಸಲೀಸಾಗಿ ಹೋದರೆ ಇನ್ನೂ ಕಾಯಿರಿ. ಮೊನೆಗಳು ದುಂಡಗೆ, ಸ್ವಲ್ಪ ಒತ್ತಿದರೆ ಮಾತ್ರ ತಿಳಿಯುವಂತಿದ್ದರೆ ಅದೇ ಹದ. ಮೈ ತುಂಬಿರುವುದನ್ನು ಅಳೆಯುವ ಐದು ಅಂಕದ ಲೆಕ್ಕದಲ್ಲಿ ಎರಡೂವರೆಯಿಂದ ಮೂರು. ಒತ್ತಿದರೂ ಮೂಳೆ ಸಿಗದೆ ಬೆನ್ನ ನಡುವೆ ಕಾಲುವೆಯಂತೆ ತಗ್ಗು ಬಿದ್ದಿದ್ದರೆ ತಡವಾಗಿದೆ. ಸುಲಿದ ಮೇಲೆ ಪರೀಕ್ಷಿಸಬೇಕೆಂದರೆ 12ನೇ ಪಕ್ಕೆಲುಬಿನ ಮೇಲೆ, ಬೆನ್ನ ನಡುಗೆರೆಯಿಂದ 11 ಸೆಂ.ಮೀ. ಆಚೆ ಚಾಕುವಿನ ತುದಿ ಇಳಿಸಿ ಮೂಳೆ ತನಕದ ದಪ್ಪ ಅಳೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ದರ ಕಟ್ಟಲು ಬಳಸುವ ಅಳತೆ ಇದು. ಅಲ್ಲಿ 5 ಮಿ.ಮೀ. ಒಳಗಿದ್ದರೆ ಒಂದನೇ ಅಂಕ, 6–10 ಎರಡು, 11–15 ಮೂರು, 20 ದಾಟಿದರೆ ಐದು. ನಮ್ಮ ಚಿಕ್ಕ ತಳಿಗಳಿಗೆ ಎರಡನೇ ಅಂಕವೇ ಸಾಕು.

ಇನ್ನು "ಚಿಕ್ಕದೂ ರಬ್ಬರಿನಂತಿತ್ತು" ಎಂಬ ದೂರು. ಇದರಲ್ಲಿ ಮರಿಯ ತಪ್ಪಿಲ್ಲ, ಕಡಿದ ಮೇಲಿನ ಕೆಲಸದ ತಪ್ಪು. ಪ್ರಾಣ ಹೋದ ಮೇಲೆ ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 7ರಿಂದ ನಿಧಾನವಾಗಿ 5.5–5.8ಕ್ಕೆ ಇಳಿಯಬೇಕು, ಅದಕ್ಕೆ ಕೆಲವು ಗಂಟೆಗಳು ಬೇಕು. ಪಿಎಚ್ 6ಕ್ಕೆ ಇಳಿಯುವ ಮುಂಚೆಯೇ ಮಾಂಸ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಎಳೆಗಳು ಸೆಟೆದು ಕುಗ್ಗುತ್ತವೆ, ಆಮೇಲೆ ಎಷ್ಟು ಬೇಯಿಸಿದರೂ ಜಗಿಯಬೇಕು. ದೊಡ್ಡ, ನೆಣವಿರುವ ದೇಹಕ್ಕೆ ನೆಣವೇ ಕಂಬಳಿ, ನಿಧಾನ ಆರುತ್ತದೆ. 7–8 ಕೆ.ಜಿ.ಯ ಬಡಕಲು ದೇಹಕ್ಕೆ ಆ ರಕ್ಷಣೆ ಇಲ್ಲ. ಬೆಳಿಗ್ಗೆ ಕಡಿದ ಮರಿ ಮಾಂಸವನ್ನು ಸಣ್ಣ ತುಂಡು ಮಾಡಿ, ಬಿಸಿ ಆರುವ ಮೊದಲೇ ಫ್ರೀಜರಿಗೆ ತುಂಬಿದರೆ ಮೆತ್ತಗಿರಬೇಕಾದ ಮಾಂಸವೇ ಗಟ್ಟಿಯಾಗುತ್ತದೆ. ಶೈತ್ಯಕೋಣೆ ಇರುವವರು ಮೊದಲ 10–12 ಗಂಟೆ 10–15 ಡಿಗ್ರಿಯಲ್ಲಿ ತೂಗುಹಾಕಿ, ಆಮೇಲೆ 4 ಡಿಗ್ರಿಗೆ ಇಳಿಸಿ ಎರಡು-ಮೂರು ದಿನ ಹಾಗೇ ಬಿಡಬೇಕು. ಮನೆಯವರಿಗೆ ಹೇಳಬೇಕಾದ್ದು ಇಷ್ಟು: ಅಂದೇ ಮಾಡುವುದಾದರೆ ತಂದ ಕೂಡಲೇ ಒಲೆಗೆ ಹಾಕಿ. ಇಡುವುದಾದರೆ ತೊಡೆಯನ್ನು ಮೂಳೆ ಸಮೇತ ಇಡಿಯಾಗಿ ಒಂದು ದಿನ ಫ್ರಿಜ್ಜಿನ ಕೆಳ ಖಾನೆಯಲ್ಲಿಟ್ಟು ಮರುದಿನ ತುಂಡು ಮಾಡಿ ಫ್ರೀಜರಿಗೆ ಹಾಕಿ. ಮೂಳೆಗೆ ಅಂಟಿಕೊಂಡ ಮಾಂಸ ಅಷ್ಟಾಗಿ ಕುಗ್ಗಲಾರದು.

ಮೇಲೆ ಹೇಳಿದ ಕಪ್ಪು, ಒಣ, ಅಂಟಂಟು ಮಾಂಸಕ್ಕೆ ಕಾರಣ ಕಡಿಯುವ ಮುಂಚಿನ ಗಾಬರಿ. ಲಗೇಜ್ ಆಟೋದಲ್ಲಿ ಕಾಲು ಕಟ್ಟಿ ಬಿಸಿಲಲ್ಲಿ ತಂದ, ನಾಯಿಗೆ ಹೆದರಿ ಓಡಿದ, ಎರಡು ದಿನ ಉಪವಾಸ ಬಿಟ್ಟ ಮರಿಯ ಮಾಂಸದಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ಅಂಶ, ಮುಗಿದಿರುತ್ತದೆ. ಪಿಎಚ್ ಇಳಿಯಲು ಅದೇ ಇಂಧನ. ಪಿಎಚ್ 6ರ ಮೇಲೇ ನಿಂತರೆ ಬಣ್ಣ ಕಪ್ಪಾಗುತ್ತದೆ, ಬೇಗ ಕೆಡುತ್ತದೆ. ಹಿಂದಿನ ದಿನವೇ ತಂದು, ನೆರಳಲ್ಲಿ ಜೊತೆ ಮರಿಯೊಂದಿಗೆ ಬಿಟ್ಟು, 12–18 ಗಂಟೆ ಮೇವು ನಿಲ್ಲಿಸಿ ನೀರು ಮಾತ್ರ ಕೊಡಿ. ಹೊಟ್ಟೆ ಖಾಲಿಯಿದ್ದರೆ ಕರುಳು ಹರಿದು ಮಾಂಸಕ್ಕೆ ಹೊಲಸು ತಾಗುವ ಅಪಾಯವೂ ಕಡಿಮೆ.

ತೂಕ ಏರಿಸಲು ಹೊರಟವರಿಗೆ ಒಂದು ಎಚ್ಚರಿಕೆ. ಹಿಂಡಿ-ನುಚ್ಚನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಹುಳಿಯಾಗಿ ಮರಿ ಬೀಳುತ್ತದೆ, ಎರಡು-ಮೂರು ವಾರದಲ್ಲಿ ಹಂತಹಂತವಾಗಿ ಏರಿಸಿ, ಅದಕ್ಕೂ ಮುಂಚೆ ಇ.ಟಿ. (ಎಂಟರೊಟಾಕ್ಸಿಮಿಯಾ ಎಂಬ ಕರುಳಿನ ರೋಗದ) ಲಸಿಕೆ ಹಾಕಿಸಿರಿ. ಗಂಡು ಮರಿಗೆ ಧಾನ್ಯ ಹೆಚ್ಚಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಆಹಾರದಲ್ಲಿ ಸುಣ್ಣದ ಅಂಶ ರಂಜಕದ ಎರಡರಷ್ಟಿರಲಿ, ಉಪ್ಪು ಮತ್ತು ನೀರಿಗೆ ಕೊರತೆ ಬೇಡ.

ಈ ಲೆಕ್ಕವೆಲ್ಲ ತಲೆಕೆಳಗಾಗುವುದು ಬಕ್ರೀದಿಗೆ. ಆಗ ಕೊಳ್ಳುವವರು ಸಾಮಾನ್ಯವಾಗಿ ಎರಡು ಹಲ್ಲು, ಊನವಿಲ್ಲದ ಮೈ, ಕೊಂಬು, ನಿಲುವು ನೋಡುತ್ತಾರೆ. ದರ ಮಾಂಸಕ್ಕಲ್ಲ, ಟಗರಿಗೆ. ನಿಮ್ಮ ಕೆಂಗುರಿಗಳಲ್ಲಿ ಎತ್ತರದ, ಚಂದದ ನಾಲ್ಕೈದನ್ನು ಅದಕ್ಕೆಂದು ಬೇರೆ ಕಟ್ಟಿ, ಅವು 40 ಆದರೂ ಚಿಂತೆಯಿಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ ಗುಡ್ಡೆ ಬಾಡು ಹಾಕುವವರಿಗೆ ಮಾತ್ರ ತದ್ವಿರುದ್ಧ. ಅಲ್ಲಿ ಪ್ರತಿ ಗುಡ್ಡೆಯಲ್ಲೂ ತೊಡೆ, ಪಕ್ಕೆ, ಈಲಿ ಎಲ್ಲ ಸಮನಾಗಿ ಬೀಳಬೇಕು. ಕೊಬ್ಬಿದ ಒಂದು ಟಗರಿಗಿಂತ 22 ಕೆ.ಜಿ.ಯ ಎರಡು ಬನ್ನೂರು ಮರಿ ಕಡಿದರೆ ಹಂಚುವಾಗ ಜಗಳ ಕಡಿಮೆ.